ಅಧಿಶೋಷಣೆ: ನೀರಿನಲ್ಲಿರುವ ಪ್ರತಿಜೈವಿಕಗಳು ಪಾಲಿಮರ್‌ಗೆ ಅಂಟುವ ಬಗೆ

ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಮಾಗನೂರು ಮೂರು ಭಾಷೆಗಳ ಸೀಮೆಯಲ್ಲಿರುವ ಊರು. ಮಹಾಬಲೇಶ್ವರದಲ್ಲಿ ಹುಟ್ಟಿದ ಕೃಷ್ಣೆಯೂ ಭೀಮಾಶಂಕರದಲ್ಲಿ ಹುಟ್ಟಿದ ಭೀಮೆಯೂ ಮರಾಠಿ ನಾಡನ್ನು ದಾಟಿ, ಕನ್ನಡ ನಾಡಿನ ಜೋಳದ ಹೊಲಗಳನ್ನು ಹಾದು, ಮಾಗನೂರಿಗೆ ಸಮೀಪದ ತಂಗಡಿಯ ಬಳಿ ಒಂದಾಗುತ್ತವೆ. ಅಲ್ಲಿಂದ ಮುಂದೆ ಆ ನೀರು ತೆಲುಗು ನಾಡಿನದು. ಹೊಳೆಯ ಆಚೆಗೆ ರಾಯಚೂರು, ಈಚೆಗೆ ಮಕ್ತಲ್, ಕೆಳಗೆ ಗದ್ವಾಲ ಮತ್ತು ಜುರಾಲಾ ಅಣೆಕಟ್ಟು. ಈ ಸೀಮೆಯ ಜನರ ಮಾತಿನಲ್ಲಿ ಮೂರು ಭಾಷೆಗಳು ಬೆರೆತಿರುವಂತೆ ಈ ನೀರಿನಲ್ಲಿ ಮೂರು ರಾಜ್ಯಗಳ ಬದುಕು ಬೆರೆತಿದೆ. ಮೇಲಿನ ಊರುಗಳು ನದಿಗೆ ಬಿಟ್ಟದ್ದು ಕೆಳಗಿನ ಊರುಗಳ ಪಾಲಿಗೆ ಬರುತ್ತದೆ.

ಇದೇ ಸೀಮೆಯ ನಾರಾಯಣಪೇಟೆ ಕೈಮಗ್ಗದ ಸೀರೆಗಳಿಗೆ ಹೆಸರಾದ ಊರು. ಹತ್ತಿಯ ನೂಲನ್ನೂ ರೇಷ್ಮೆಯನ್ನೂ ಅಲ್ಲಿ ನೇಯುತ್ತಾರೆ. ನೂಲಿಗೆ ಬಣ್ಣ ಹಾಕುವ ಕೆಲಸವನ್ನು ನೋಡಿದವರಿಗೆ ಒಂದು ಸಂಗತಿ ನೆನಪಿರುತ್ತದೆ. ಹಂಡೆಯ ಬಿಸಿನೀರಿನಲ್ಲಿ ಬಣ್ಣ ಕರಗಿರುತ್ತದೆ. ಬಿಳಿಯ ಲಡಿಯನ್ನು ಅದರಲ್ಲಿ ಅದ್ದಿ ತಿರುವುತ್ತಿದ್ದಂತೆ ನೂಲು ಕಡುವಾಗುತ್ತದೆ, ನೀರು ತಿಳಿಯಾಗುತ್ತ ಹೋಗುತ್ತದೆ. ನೀರಿನಲ್ಲಿ ಹರಡಿಕೊಂಡಿದ್ದ ಬಣ್ಣದ ಅಣುಗಳು ನೀರನ್ನು ಬಿಟ್ಟು ನೂಲನ್ನು ಆಶ್ರಯಿಸಿವೆ. ಇದು ಯಾವ ಕಾರಣದಿಂದ ನಡೆಯಿತು? ಒಂದು ಬಣ್ಣ ರೇಷ್ಮೆಗೆ ಚೆನ್ನಾಗಿ ಹಿಡಿದು ಹತ್ತಿಗೆ ಹಿಡಿಯದಿರುವುದೇಕೆ? ಹಿಡಿದ ಬಣ್ಣ ಕೆಲವೊಮ್ಮೆ ಮೊದಲ ತೊಳೆತದಲ್ಲೇ ಬಿಡುವುದೇಕೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ತಿಳಿದರೆ, ನದಿಯ ನೀರಿಗೆ ಸೇರಿದ ಔಷಧಗಳ ಗತಿಯೇನು ಎಂಬ ಇಂದಿನ ಒಂದು ದೊಡ್ಡ ಪ್ರಶ್ನೆಯ ಬಹುಪಾಲು ತಿಳಿದಂತೆ.

ಮೂರು ಪದಗಳು

ವಿಷಯಕ್ಕೆ ಹೋಗುವ ಮೊದಲು ಮೂರು ಪದಗಳ ಪರಿಚಯ ಅಗತ್ಯ.

ಮೊದಲನೆಯದು ‘ಅಧಿಶೋಷಣೆ’. ‘ಶುಷ್’ ಎಂಬ ಸಂಸ್ಕೃತ ಧಾತುವಿಗೆ ಒಣಗು ಎಂದರ್ಥ. ಒಣಗಿಸುವುದು, ಹೀರುವುದು ‘ಶೋಷಣ’. ಮನ್ಮಥನ ಪಂಚಬಾಣಗಳಲ್ಲಿ ಶೋಷಣವೂ ಒಂದೆಂಬುದನ್ನು ಪ್ರಾಚೀನ ಕಾವ್ಯಗಳ ವಿದ್ಯಾರ್ಥಿಗಳು ಬಲ್ಲರು. ಇಂದಿನ ಕನ್ನಡದಲ್ಲಿ ಶೋಷಣೆ ಎಂದರೆ ಬಲವುಳ್ಳವರು ಇಲ್ಲದವರನ್ನು ಹಿಂಡುವುದು. ವಿಜ್ಞಾನದ ಪದದಲ್ಲಿ ಹಳೆಯ ಅರ್ಥವೇ ಉಳಿದಿದೆ. ‘ಅಧಿ’ ಎಂಬ ಉಪಸರ್ಗಕ್ಕೆ ‘ಮೇಲೆ’ ಎಂಬ ಅರ್ಥವಿದೆ. ಅಧಿಷ್ಠಾನ, ಅಧ್ಯಾರೋಪ ಎಂಬಲ್ಲಿ ಇರುವುದು ಅದೇ. ಆದುದರಿಂದ ಅಧಿಶೋಷಣೆ ಎಂದರೆ ಒಂದು ವಸ್ತುವಿನ ಮೇಲ್ಮೈ ಮತ್ತೊಂದು ವಸ್ತುವಿನ ಅಣುಗಳನ್ನು ತನ್ನ ಮೇಲೆ ಹಿಡಿದಿರಿಸಿಕೊಳ್ಳುವುದು. ಬಟ್ಟೆ ನೀರನ್ನು ತನ್ನೊಳಕ್ಕೆ ಎಳೆದುಕೊಳ್ಳುವುದು ಹೀರಿಕೆ. ಬಟ್ಟೆಯ ನೂಲಿನ ಮೈಗೆ ಬಣ್ಣ ಅಂಟುವುದು ಅಧಿಶೋಷಣೆ. ಯೂರೋಪಿನಲ್ಲಿಯೂ ಇವೆರಡಕ್ಕೂ ಬೇರೆ ಬೇರೆ ಪದಗಳು ಬಹುಕಾಲ ಇರಲಿಲ್ಲ. 1881ರಲ್ಲಿ ಜರ್ಮನಿಯ ಭೌತವಿಜ್ಞಾನಿ ಹೈನ್ರಿಖ್ ಕೈಸರ್ ಮೇಲ್ಮೈಗೆ ಅಂಟುವ ಕ್ರಿಯೆಗೆ ‘ಅಡ್ಸಾರ್ಪ್‌ಷನ್’ ಎಂಬ ಪದವನ್ನು ಬಳಕೆಗೆ ತಂದನು.

ಎರಡನೆಯದು ‘ಪ್ರತಿಜೈವಿಕ’. ಆಂಟಿಬಯೋಟಿಕ್ ಎಂಬುದಕ್ಕೆ ಕನ್ನಡವೂ ಮರಾಠಿಯೂ ಹಂಚಿಕೊಂಡಿರುವ ಪದವಿದು. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುವ ಔಷಧಗಳಿಗೆ ಈ ಹೆಸರು. ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್ ಮೊದಲಾದವು ಈ ವರ್ಗಕ್ಕೆ ಸೇರಿವೆ.

ಮೂರನೆಯದು ‘ಪಾಲಿಮರ್’. ಗ್ರೀಕ್ ಭಾಷೆಯಲ್ಲಿ ‘ಪಾಲಿ’ ಎಂದರೆ ಹಲವು, ‘ಮೆರೋಸ್’ ಎಂದರೆ ಭಾಗ. ಮರಾಠಿಯಲ್ಲಿ ಇದನ್ನು ‘ಬಹುವಾರಿಕ’ ಎನ್ನುತ್ತಾರೆ. ಕನ್ನಡದಲ್ಲಿ ಪಾಲಿಮರ್ ಎಂಬುದೇ ನೆಲೆನಿಂತಿದೆ. ಒಂದೇ ಬಗೆಯ ಚಿಕ್ಕ ಅಣುಗಳು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಕೊಂಡಿಹಾಕಿಕೊಂಡಾಗ ಉಂಟಾಗುವ ಉದ್ದನೆಯ ಸರಪಳಿಯೇ ಪಾಲಿಮರ್. ಒಂದೇ ಗಣ ಮರುಕಳಿಸುತ್ತ, ಸಾಲುಗಳಿಗೆ ಮಿತಿಯಿಲ್ಲದೆ ಬೆಳೆಯುವ ರಗಳೆಯನ್ನು ನೆನೆದರೆ ಇದರ ರಚನೆ ಮನಸ್ಸಿಗೆ ಬರುತ್ತದೆ. ಹತ್ತಿಯ ಸೆಲ್ಯುಲೋಸ್, ರೇಷ್ಮೆಯ ಪ್ರೋಟೀನು ಪ್ರಕೃತಿಯ ಪಾಲಿಮರ್‌ಗಳು. ಚೀಲದ ಪಾಲಿಎಥಿಲೀನ್, ಥರ್ಮೊಕೋಲಿನ ಪಾಲಿಸ್ಟೈರೀನ್, ಮೀನಿನ ಬಲೆಯ ನೈಲಾನ್ ಮನುಷ್ಯ ಮಾಡಿದವು.

ಔಷಧ ನೀರಿಗೆ ಬರುವ ದಾರಿ

ನುಂಗಿದ ಮಾತ್ರೆಯೆಲ್ಲ ದೇಹದಲ್ಲಿ ಕರಗಿ ಮುಗಿಯುತ್ತದೆಂಬ ನಂಬಿಕೆ ಸಾಮಾನ್ಯ. ವಾಸ್ತವದಲ್ಲಿ ಸಿಪ್ರೊಫ್ಲಾಕ್ಸಸಿನ್, ಅಮಾಕ್ಸಿಸಿಲಿನ್‌ನಂತಹ ಔಷಧಗಳ ಸುಮಾರು ಅರ್ಧಭಾಗ ಬದಲಾಗದೆ ಮೂತ್ರದಲ್ಲಿ ಹೊರಬೀಳುತ್ತದೆ. ಜಾನುವಾರು ಮತ್ತು ಕೋಳಿಗಳಿಗೆ ಕೊಟ್ಟ ಔಷಧವೂ ಹೀಗೆಯೇ. ಇದು ಮೊದಲನೆಯ ದಾರಿ. ಎರಡನೆಯ ದಾರಿ ಔಷಧವನ್ನು ತಯಾರಿಸುವ ಸ್ಥಳದಿಂದ ಹೊರಡುತ್ತದೆ.

ಭಾರತ ಸರ್ಕಾರವು 1954ರಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸಂಸ್ಥೆಯನ್ನು ಸ್ಥಾಪಿಸಿತು. 1961ರಲ್ಲಿ ಸ್ಥಾಪಿತವಾದ ಇಂಡಿಯನ್ ಡ್ರಗ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್ ಸಂಸ್ಥೆಯ ಒಂದು ಕಾರ್ಖಾನೆ ಹೈದರಾಬಾದಿಗೆ ಬಂತು. ಅಲ್ಲಿ ಪಳಗಿದ ಕೈಗಳಿಂದ ಮುಂದೆ ಆ ನಗರ ಔಷಧಗಳ ಮೂಲದ್ರವ್ಯ ತಯಾರಿಕೆಯ ದೊಡ್ಡ ಕೇಂದ್ರವಾಯಿತು. ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್ ಸಂಸ್ಥೆ ಬೆಂಗಳೂರಿನಲ್ಲಿ ಆರಂಭವಾದದ್ದು 1981ರಲ್ಲಿ. ದೇಶದ ಬಡವರಿಗೆ ಕಡಿಮೆ ಬೆಲೆಯಲ್ಲಿ ಪ್ರತಿಜೈವಿಕಗಳು ದೊರೆತದ್ದರಲ್ಲಿ ಇಂತಹ ಕಾರ್ಖಾನೆಗಳ ಪಾಲು ದೊಡ್ಡದು. ಈ ಉಪಕಾರವನ್ನು ಮರೆಯದೆಯೇ ಅದರ ಬೆಲೆಯನ್ನು ನೋಡಬೇಕಾಗುತ್ತದೆ.

ಹೈದರಾಬಾದಿನ ಹೊರವಲಯದ ಪಟಾನ್‌ಚೆರುವಿನಲ್ಲಿ ಸುಮಾರು 90 ಔಷಧ ಕಾರ್ಖಾನೆಗಳ ತ್ಯಾಜ್ಯನೀರು ಒಂದು ಸಾಮೂಹಿಕ ಸಂಸ್ಕರಣಾ ಘಟಕಕ್ಕೆ ಬರುತ್ತಿತ್ತು. ಸ್ವೀಡನ್ನಿನ ಗೊಥೆನ್‌ಬರ್ಗ್ ವಿಶ್ವವಿದ್ಯಾಲಯದ ಜೋಕಿಂ ಲಾರ್ಸನ್ ಮತ್ತು ಸಂಗಡಿಗರು ಆ ಘಟಕದಲ್ಲಿ ಸಂಸ್ಕರಿಸಿ ಹೊರಬಿಟ್ಟ ನೀರನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಫಲಿತಾಂಶ ಜಗತ್ತಿನ ಗಮನ ಸೆಳೆಯಿತು. ಆ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಇತ್ತು. ಈ ಔಷಧವನ್ನು ಸೇವಿಸುವ ರೋಗಿಯ ರಕ್ತದಲ್ಲಿ ಇರುವ ಪ್ರಮಾಣಕ್ಕಿಂತಲೂ ಇದು ಹೆಚ್ಚು. ಆ ನೀರು ಇಸಕವಾಗು, ನಕ್ಕವಾಗು ಎಂಬ ಹಳ್ಳಗಳ ಮೂಲಕ ಮಂಜೀರಾ ನದಿಗೆ, ಅಲ್ಲಿಂದ ಗೋದಾವರಿಗೆ ಹೋಗುತ್ತಿತ್ತು.

ಮಾಗನೂರಿನ ಮೇಲ್ಭಾಗದಲ್ಲಿರುವುದು ಭೀಮೆಯ ಜಲಾನಯನ. ಪಿಂಪ್ರಿಯ ಪವನಾ ನದಿ ಮುಳಾ ನದಿಗೆ, ಮುಳಾ–ಮುಠಾ ಭೀಮೆಗೆ, ಭೀಮೆ ಕೃಷ್ಣೆಗೆ ಸೇರುತ್ತದೆ. ಪುಣೆಯಲ್ಲಿ ಹರಿಯುವ ಮುಠಾ ನದಿಯ ತಳದ ಕೆಸರನ್ನು ಅಧ್ಯಯನ ಮಾಡಿದ ಸಂಶೋಧಕರು, ಕೊನೆಯ ಆಸರೆಯೆಂದು ವೈದ್ಯರು ಕಾದಿರಿಸಿದ ಪ್ರತಿಜೈವಿಕಗಳನ್ನೂ ಎದುರಿಸಬಲ್ಲ ಜೀನುಗಳು ಅದರಲ್ಲಿರುವುದನ್ನು 2017ರಲ್ಲಿ ವರದಿ ಮಾಡಿದರು. ಅದಕ್ಕೆ ಕಾರಣ ಕಾರ್ಖಾನೆಯಲ್ಲ, ಸಂಸ್ಕರಿಸದೆ ಬಿಟ್ಟ ನಗರದ ಚರಂಡಿನೀರು. ಪುಣೆಯಿಂದ ತಂಗಡಿಯವರೆಗೆ ನೂರಾರು ಕಿಲೋಮೀಟರುಗಳ ಹಾದಿಯಿದೆ, ನಡುವೆ ಉಜನಿಯ ಜಲಾಶಯವಿದೆ. ಔಷಧ ಅಷ್ಟು ದೂರದಲ್ಲಿ ತೆಳುವಾಗುತ್ತದೆ, ಬಿಸಿಲಿಗೆ ಒಡೆಯುತ್ತದೆ, ಹೂಳಿಗೆ ಅಂಟಿ ನಿಲ್ಲುತ್ತದೆ. ಇತ್ತ ಮಾಗನೂರಿಗೆ ಬಹುದೂರವಲ್ಲದ ಯಾದಗಿರಿ ಜಿಲ್ಲೆಯ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೂ ಔಷಧ ಮತ್ತು ರಾಸಾಯನಿಕ ಘಟಕಗಳು ಬಂದಿವೆ. ಆದುದರಿಂದ ಈ ಚರ್ಚೆ ಇಲ್ಲಿನವರಿಗೆ ಹೊರಗಿನದಲ್ಲ.

ನೀರಿನಲ್ಲಿರುವ ಅಲ್ಪ ಔಷಧದಿಂದ ಏನು ಕೇಡು? ಕುಡಿದವರಿಗೆ ಅದು ಕೂಡಲೇ ವಿಷವಾಗುವುದಿಲ್ಲ. ಕೇಡು ಬ್ಯಾಕ್ಟೀರಿಯಾಗಳ ಮೂಲಕ ಬರುತ್ತದೆ. ಬ್ಯಾಕ್ಟೀರಿಯಾಗಳನ್ನು ತಡೆಯಲು ಬೇಕಾದ ಪ್ರಮಾಣಕ್ಕಿಂತ ನೂರಾರು ಪಟ್ಟು ಕಡಿಮೆಯಿದ್ದರೂ ಕೆಲವು ಪ್ರತಿಜೈವಿಕಗಳು ನಿರೋಧಶಕ್ತಿಯುಳ್ಳ ಬ್ಯಾಕ್ಟೀರಿಯಾಗಳಿಗೆ ಮೇಲುಗೈ ಒದಗಿಸುತ್ತವೆಂದು ಪ್ರಯೋಗಗಳು ತೋರಿಸಿವೆ. ಅವು ತಮ್ಮ ನಿರೋಧದ ಜೀನುಗಳನ್ನು ನೆರೆಯ ಬ್ಯಾಕ್ಟೀರಿಯಾಗಳಿಗೂ ಹಂಚಬಲ್ಲವು. ಹೀಗೆ ಔಷಧಕ್ಕೆ ಬಗ್ಗದ ಸೋಂಕುಗಳೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಒಂದು ಜಾಗತಿಕ ಅಧ್ಯಯನದ ಅಂದಾಜು. ಬಾಣಂತಿಯ ಸೋಂಕು, ಹಸುಗೂಸಿನ ಜ್ವರ, ಹೊಲದಲ್ಲಿ ಆದ ಗಾಯದ ಕೀವು ಮತ್ತೆ ಪ್ರಾಣಕ್ಕೆ ಎರವಾಗುವ ಕಾಲ ಬರಬಾರದೆಂಬುದೇ ಈ ಇಡೀ ಚಿಂತೆಯ ತಿರುಳು.

ಅಂಟುವಿಕೆಯ ಬಗೆಗಳು

ನೀರಿನಲ್ಲಿರುವ ಔಷಧದ ಅಣು ಪಾಲಿಮರ್‌ನ ಮೈಗೆ ಅಂಟಲು ಮುಖ್ಯವಾಗಿ ನಾಲ್ಕು ಕಾರಣಗಳಿವೆ. ಸಾಮಾನ್ಯವಾಗಿ ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕೆಲಸ ಮಾಡುತ್ತವೆ.

ಒಂದು, ನೀರಿನ ಹಗೆತನ. ಎಣ್ಣೆಯ ಹನಿಗಳು ನೀರಿನಲ್ಲಿ ಒಂದನ್ನೊಂದು ಕೂಡಿಕೊಳ್ಳುವಂತೆ, ನೀರಿಗೆ ಒಗ್ಗದ ಅಣುಭಾಗಗಳು ತಮ್ಮಂತೆಯೇ ನೀರಿಗೆ ಒಗ್ಗದ ಮೇಲ್ಮೈಯನ್ನು ಸೇರುತ್ತವೆ. ಪಾಲಿಎಥಿಲೀನ್, ಪಾಲಿಸ್ಟೈರೀನ್‌ಗಳ ಮೈ ಇಂತಹದು. ಪಾಲಿಸ್ಟೈರೀನ್ ಸರಪಳಿಯ ಉದ್ದಕ್ಕೂ ಚಪ್ಪಟೆಯಾದ ಬೆಂಜೀನ್ ಬಳೆಗಳಿವೆ. ಹಲವು ಪ್ರತಿಜೈವಿಕಗಳಲ್ಲೂ ಅಂತಹ ಬಳೆಗಳಿವೆ. ತಟ್ಟೆಯ ಮೇಲೆ ತಟ್ಟೆ ಕೂರುವಂತೆ ಇವೆರಡೂ ಒಂದರ ಮೇಲೊಂದು ಒರಗಿಕೊಳ್ಳುತ್ತವೆ.

ಎರಡು, ವಿದ್ಯುದಂಶ. ಸಿಪ್ರೊಫ್ಲಾಕ್ಸಸಿನ್ ಅಣುವಿನ ಒಂದು ತುದಿಯಲ್ಲಿ ಆಮ್ಲದ ಗುಂಪು, ಇನ್ನೊಂದು ತುದಿಯಲ್ಲಿ ಪ್ರತ್ಯಾಮ್ಲದ ಗುಂಪು ಇವೆ. ನೀರಿನ ಆಮ್ಲತೆಯ ಅಳತೆಯಾದ ಪಿಎಚ್ 6ಕ್ಕಿಂತ ಕಡಿಮೆಯಿದ್ದಾಗ ಅಣುವಿಗೆ ಧನ ವಿದ್ಯುದಂಶ, 9ಕ್ಕಿಂತ ಹೆಚ್ಚಿದ್ದಾಗ ಋಣ ವಿದ್ಯುದಂಶ ಇರುತ್ತದೆ. ನದಿಯ ನೀರು ಇರುವ ನಡುವಣ ಸ್ಥಿತಿಯಲ್ಲಿ ಎರಡೂ ಒಟ್ಟಿಗೆ ಇರುತ್ತವೆ. ಹೀಗಾಗಿ ಋಣ ವಿದ್ಯುದಂಶದ ಮೇಲ್ಮೈ ಅದನ್ನು ಒಂದು ಪಿಎಚ್‌ನಲ್ಲಿ ಬರಮಾಡಿಕೊಂಡು ಇನ್ನೊಂದರಲ್ಲಿ ತಳ್ಳಿಬಿಡುತ್ತದೆ. ರೇಷ್ಮೆಗೆ ಹಿಡಿಯುವ ಆಮ್ಲಬಣ್ಣಗಳು ಹತ್ತಿಗೆ ಹಿಡಿಯದಿರುವುದೂ ಇದೇ ನಿಯಮದಿಂದ: ಆಮ್ಲದ ನೀರಿನಲ್ಲಿ ರೇಷ್ಮೆಯ ಪ್ರೋಟೀನು ಧನ ವಿದ್ಯುದಂಶವನ್ನು ಪಡೆದು ಋಣ ವಿದ್ಯುದಂಶದ ಬಣ್ಣವನ್ನು ಸೆಳೆಯುತ್ತದೆ, ಸೆಲ್ಯುಲೋಸಿಗೆ ಆ ಶಕ್ತಿಯಿಲ್ಲ.

ಮೂರು, ಹೈಡ್ರೊಜನ್ ಬಂಧ. ನೈಲಾನ್ ಮತ್ತು ರೇಷ್ಮೆ ಎರಡರ ಸರಪಳಿಯಲ್ಲಿಯೂ ಅಮೈಡ್ ಎಂಬ ಒಂದೇ ಬಗೆಯ ಕೊಂಡಿಯಿದೆ. ಈ ಕೊಂಡಿ ಔಷಧದ ಅಣುವಿನಲ್ಲಿರುವ ಆಮ್ಲಜನಕ, ಸಾರಜನಕಗಳೊಡನೆ ಸಡಿಲವಾದ ಕೈಹಿಡಿತವನ್ನು ಏರ್ಪಡಿಸಿಕೊಳ್ಳುತ್ತದೆ. ಒಂದೊಂದು ಹಿಡಿತವೂ ದುರ್ಬಲ, ಹಲವು ಸೇರಿದಾಗ ಪ್ರಬಲ.

ನಾಲ್ಕು, ಲೋಹದ ಸೇತುವೆ. ಬಣ್ಣ ಗಟ್ಟಿಯಾಗಿ ಹಿಡಿಯಲೆಂದು ಬಣ್ಣಗಾರರು ಸ್ಫಟಿಕವನ್ನು (ಪಟಕವನ್ನು) ಬಳಸುತ್ತ ಬಂದಿದ್ದಾರೆ. ಅದರ ಅಲ್ಯೂಮಿನಿಯಂ ಒಂದು ಕೈಯಿಂದ ನೂಲನ್ನೂ ಇನ್ನೊಂದು ಕೈಯಿಂದ ಬಣ್ಣವನ್ನೂ ಹಿಡಿಯುತ್ತದೆ. ಟೆಟ್ರಾಸೈಕ್ಲಿನ್ ಮತ್ತು ಸಿಪ್ರೊಫ್ಲಾಕ್ಸಸಿನ್‌ಗಳಿಗೆ ಕ್ಯಾಲ್ಸಿಯಂ, ತಾಮ್ರ, ಕಬ್ಬಿಣ ಮೊದಲಾದ ಲೋಹಗಳ ಮೇಲೆ ಇಂತಹದೇ ಒಲವು ಇದೆ. ಈ ಮಾತ್ರೆಗಳನ್ನು ಹಾಲಿನೊಡನೆ ನುಂಗಬಾರದೆಂದು ವೈದ್ಯರು ಹೇಳುವುದರ ಕಾರಣವಿದೇ. ಹಾಲಿನ ಕ್ಯಾಲ್ಸಿಯಂ ಔಷಧವನ್ನು ಹಿಡಿದುಕೊಂಡರೆ ಅದು ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ನದಿಯಲ್ಲಿ ಹೂಳಿನ ಜೇಡಿಗೂ ಪಾಲಿಮರ್‌ಗೂ ಔಷಧ ಅಂಟುವಾಗ ಇದೇ ಲೋಹಗಳು ನಡುವೆ ನಿಲ್ಲುವುದುಂಟು.

ಈ ನಾಲ್ಕರಲ್ಲಿ ಯಾವುದೂ ಔಷಧದ ಅಣುವನ್ನು ಒಡೆಯುವುದಿಲ್ಲ. ಅದು ಇದ್ದ ಸ್ಥಳವಷ್ಟೇ ಬದಲಾಗುತ್ತದೆ. ಮುಂದಿನ ವಿಚಾರಕ್ಕೆಲ್ಲ ಈ ಸಂಗತಿಯೇ ಬೀಗದ ಕೈ.

ಜಾಗದ ಲೆಕ್ಕ

ಅಂಟಲು ಮೈ ಬೇಕು. ಅಂಗಡಿಯ 40 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಚೀಲದಿಂದ ಒಂದು ಗ್ರಾಂ ಹಾಳೆಯನ್ನು ಕತ್ತರಿಸಿದರೆ, ಎರಡೂ ಬದಿ ಸೇರಿ ಅದರ ಮೈ ಸುಮಾರು 540 ಚದರ ಸೆಂಟಿಮೀಟರ್. ಒಂದು ಪುಸ್ತಕ ತೆರೆದಿಟ್ಟಷ್ಟು. ಪಾಲಿಸ್ಟೈರೀನನ್ನೇ ಅಡ್ಡಕೊಂಡಿಗಳಿಂದ ಬಿಗಿದು, ಒಳಗೆಲ್ಲ ಸೂಕ್ಷ್ಮ ರಂಧ್ರಗಳಿರುವಂತೆ ಮಾಡಿದ ರಾಳದ ಮಣಿಗಳಿವೆ. ಅಂತಹ ಕೆಲವು ರಾಳಗಳ ಒಂದು ಗ್ರಾಂ ತೂಕಕ್ಕೆ ರಂಧ್ರಗಳ ಒಳಮೈಯೆಲ್ಲ ಸೇರಿ 700 ಚದರ ಮೀಟರ್ ಮೇಲ್ಮೈ ಇರುತ್ತದೆ. ಹೊಲದ ಲೆಕ್ಕದಲ್ಲಿ ಹೇಳಿದರೆ ಸುಮಾರು 7 ಗುಂಟೆ. ದ್ರವ್ಯ ಹೆಚ್ಚುಕಡಿಮೆ ಒಂದೇ ಜಾತಿಯದು, ಆದರೆ ಮೈಯ ವ್ಯತ್ಯಾಸ ಹತ್ತು ಸಾವಿರ ಪಟ್ಟಿಗೂ ಹೆಚ್ಚು.

ಎಷ್ಟು ಅಂಟುತ್ತದೆ ಎಂಬುದನ್ನು ತಿಳಿಯಲು ಸಂಶೋಧಕರು ಅನುಸರಿಸುವ ಕ್ರಮ ಸರಳವಾದುದು. ಅಳೆದು ತೂಗಿದ ಔಷಧವನ್ನು ನೀರಿನಲ್ಲಿ ಕರಗಿಸಿ, ತೂಕಮಾಡಿದ ಪಾಲಿಮರ್ ಪುಡಿಯನ್ನು ಹಾಕಿ, ಸೀಸೆಯನ್ನು ಗಂಟೆಗಟ್ಟಲೆ ಕುಲುಕುತ್ತಾರೆ. ಬಳಿಕ ಸೋಸಿ ನೀರಿನಲ್ಲಿ ಉಳಿದುದನ್ನು ಅಳೆಯುತ್ತಾರೆ. ಕಡಿಮೆಯಾದದ್ದು ಅಂಟಿದ್ದು. ಒಂದು ಕಿಲೋ ಪಾಲಿಮರ್‌ನಲ್ಲಿ ಅಂಟಿದ ಪ್ರಮಾಣವನ್ನು ಒಂದು ಲೀಟರ್ ನೀರಿನಲ್ಲಿ ಉಳಿದ ಪ್ರಮಾಣದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಹಂಚಿಕೆಯ ಗುಣಾಂಕವೆಂದು ಹೆಸರು. ಈ ಸಂಖ್ಯೆ 1000 ಎಂದುಕೊಳ್ಳೋಣ. ಒಂದು ಲೀಟರ್ ನೀರಿಗೆ ಒಂದು ಗ್ರಾಂ ಪಾಲಿಮರ್ ಹಾಕಿದರೆ ಔಷಧದ ಅರ್ಧ ಅಂಟುತ್ತದೆ, ಅರ್ಧ ನೀರಿನಲ್ಲೇ ಉಳಿಯುತ್ತದೆ. ಹತ್ತು ಗ್ರಾಂ ಹಾಕಿದರೆ ಹನ್ನೊಂದರಲ್ಲಿ ಹತ್ತು ಪಾಲು ಅಂಟುತ್ತದೆ. ಎಷ್ಟು ಹಾಕಿದರೂ ನೀರಿನಲ್ಲಿ ಸ್ವಲ್ಪ ಉಳಿದೇ ಉಳಿಯುತ್ತದೆ; ಇದು ಹಂಚಿಕೆ, ಗುಡಿಸಿಹಾಕುವುದಲ್ಲ.

ಔಷಧ ಹೆಚ್ಚಿದಂತೆ ಇನ್ನೊಂದು ಮಿತಿ ಎದುರಾಗುತ್ತದೆ. ಜಾತ್ರೆಯ ದಿನ ಧರ್ಮಶಾಲೆಗೆ ಬರುವವರನ್ನು ನೆನೆಯಬಹುದು. ಬೆಳಗ್ಗೆ ಬಂದವರಿಗೆಲ್ಲ ಜಾಗ ಸಿಗುತ್ತದೆ. ಜಗುಲಿ ತುಂಬಿದ ಮೇಲೆ ಯಾರಾದರೂ ಎದ್ದುಹೋದರೆ ಮಾತ್ರ ಮತ್ತೊಬ್ಬರಿಗೆ ಅವಕಾಶ. ಮೇಲ್ಮೈಯಲ್ಲಿ ನಿಗದಿಯಾದ ಸಂಖ್ಯೆಯ ತಾಣಗಳಿದ್ದು ಒಂದೊಂದರಲ್ಲಿ ಒಂದೊಂದೇ ಅಣು ಕೂರುತ್ತದೆ, ಅಣುಗಳು ಕೂರುವುದೂ ಏಳುವುದೂ ಸದಾ ನಡೆದಿರುತ್ತದೆ ಎಂಬ ಕಲ್ಪನೆಯಿಂದ ಅಮೆರಿಕದ ಅರ್ವಿಂಗ್ ಲ್ಯಾಂಗ್‌ಮ್ಯೂರ್ 1918ರಲ್ಲಿ ಒಂದು ಸಮೀಕರಣವನ್ನು ಕೊಟ್ಟನು. ಮೇಲ್ಮೈಗಳ ರಸಾಯನವಿಜ್ಞಾನಕ್ಕಾಗಿ 1932ರಲ್ಲಿ ಆತನಿಗೆ ನೊಬೆಲ್ ಬಹುಮಾನ ಬಂತು. ಪ್ರತಿಜೈವಿಕಗಳ ಅಧಿಶೋಷಣೆಯನ್ನು ಅಳೆಯುವವರು ಇಂದಿಗೂ ಆ ಸಮೀಕರಣವನ್ನು ಬಳಸುತ್ತಾರೆ. ನದಿಯ ನೀರಿನಲ್ಲಿ ಔಷಧ ಒಂದೇ ಇರುವುದಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ, ಉಪ್ಪು, ಕೊಳೆತ ಎಲೆಗಳ ಸಾರ ಇವೆಲ್ಲ ಅದೇ ಜಗುಲಿಗೆ ಬರುವ ಅತಿಥಿಗಳು. ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಬಂದ ಸಂಖ್ಯೆ ನದಿಯಲ್ಲಿ ಬಾರದಿರುವುದು ಈ ಕಾರಣದಿಂದ.

ಉಪಕಾರಿಯಾದ ಅಂಟು

ಅಂಟುವ ವಸ್ತುಗಳಿಂದ ನೀರನ್ನು ತಿಳಿಗೊಳಿಸುವ ಕ್ರಮ ಹೊಸದಲ್ಲ. ಸುಶ್ರುತ ಸಂಹಿತೆ ನೀರನ್ನು ತಿಳಿಗೊಳಿಸುವ ವಸ್ತುಗಳನ್ನು ಹೆಸರಿಸುವಾಗ ಕತಕಬೀಜವನ್ನೂ ವಸ್ತ್ರವನ್ನೂ ಹೇಳುತ್ತದೆ. ಕತಕವೆಂದರೆ ಚಿಲ್ಲದ ಬೀಜ. ಅದನ್ನು ತೇದು ಬಿಟ್ಟಾಗ ಕದಡಿದ ನೀರಿನ ಮಣ್ಣನ್ನು ಕೂಡಿಸಿ ತಳಕ್ಕಿಳಿಸುವುದು ಆ ಬೀಜದಲ್ಲಿರುವ ಪ್ರಕೃತಿಯ ಪಾಲಿಮರ್‌ಗಳೇ. ವಸ್ತ್ರವೂ ಪಾಲಿಮರ್.

ಪ್ರತಿಜೈವಿಕಗಳ ಇತಿಹಾಸದಲ್ಲಿಯೂ ಪಾಲಿಮರ್ ಮೊದಲು ಬಂದದ್ದು ನೀರನ್ನು ಶುದ್ಧಿಗೊಳಿಸಲು ಅಲ್ಲ, ಔಷಧವನ್ನು ಪಡೆಯಲು. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಪತ್ತೆಯಾಯಿತು. ಮಣ್ಣಿನ ಸೂಕ್ಷ್ಮಜೀವಿ ಅದನ್ನು ತಯಾರಿಸುತ್ತದೆ. ಜೀವಿಯನ್ನು ಬೆಳೆಸಿದ ತೊಟ್ಟಿಯ ಗಂಜಿಯಂತಹ ದ್ರವದಲ್ಲಿ ಔಷಧದ ಪಾಲು ತೀರ ಸ್ವಲ್ಪ. ಆಮ್ಲದ ಗುಂಪುಗಳುಳ್ಳ ಪಾಲಿಮರ್ ರಾಳದ ಕಂಬದ ಮೂಲಕ ಆ ದ್ರವವನ್ನು ಹರಿಸಿದಾಗ, ಧನ ವಿದ್ಯುದಂಶವುಳ್ಳ ಸ್ಟ್ರೆಪ್ಟೊಮೈಸಿನ್ ರಾಳಕ್ಕೆ ಅಂಟಿ ಉಳಿದದ್ದು ಹರಿದುಹೋಗುತ್ತದೆ. ಅನಂತರ ಆಮ್ಲದಿಂದ ತೊಳೆದರೆ ಔಷಧ ಬಿಡುತ್ತದೆ. ಅಂಟಿಸುವುದಕ್ಕೂ ಬಿಡಿಸುವುದಕ್ಕೂ ನೀರಿನ ಸ್ವಭಾವವನ್ನು ಬದಲಿಸಿದರಷ್ಟೇ ಸಾಕು.

ಇದೇ ಉಪಾಯವನ್ನು ಇಂದು ತ್ಯಾಜ್ಯನೀರಿಗೆ ಅನ್ವಯಿಸುವ ಪ್ರಯತ್ನಗಳು ನಡೆದಿವೆ. ರಂಧ್ರಮಯ ಪಾಲಿಸ್ಟೈರೀನ್ ರಾಳಗಳು, ಸಿಗಡಿ ಮತ್ತು ಏಡಿಗಳ ಚಿಪ್ಪಿನಿಂದ ತೆಗೆದ ಕೈಟೊಸಾನ್ ಮಣಿಗಳು, ರಾಸಾಯನಿಕ ಗುಂಪುಗಳನ್ನು ಜೋಡಿಸಿದ ಸೆಲ್ಯುಲೋಸ್ ಇವು ಪ್ರಮುಖವಾದವು. ಒಂದು ನಿರ್ದಿಷ್ಟ ಔಷಧದ ಅಣುವನ್ನೇ ಅಚ್ಚಾಗಿಟ್ಟು ಅದರ ಸುತ್ತ ಪಾಲಿಮರ್ ಬೆಳೆಸಿ, ಬಳಿಕ ಅಣುವನ್ನು ತೆಗೆದುಬಿಡುವ ವಿಧಾನವೂ ಇದೆ. ಉಳಿದ ಪೊಳ್ಳು ಅದೇ ಅಣುವಿನ ಆಕಾರದಲ್ಲಿರುವುದರಿಂದ ಬೇರೆ ಅಣುಗಳಿಗಿಂತ ಅದನ್ನೇ ಮೇಲಾಗಿ ಹಿಡಿಯುತ್ತದೆ. ಹಳೆಯ ಕಾಲದಿಂದ ಬಳಕೆಯಲ್ಲಿರುವ ಇದ್ದಿಲು ಹೆಚ್ಚಿನದೆಲ್ಲವನ್ನೂ ಹಿಡಿಯುತ್ತದೆ, ಬಿಡಿಸುವುದು ಕಷ್ಟ. ಪಾಲಿಮರ್ ರಾಳವನ್ನು ಉಪ್ಪುನೀರು, ಆಮ್ಲ ಅಥವಾ ಮದ್ಯಸಾರದಿಂದ ತೊಳೆದು ಮತ್ತೆ ಮತ್ತೆ ಬಳಸಬಹುದು.

ಅಪಕಾರಿಯಾದ ಅಂಟು

ರಾಳದ ಮಣಿಗೆ ಅಂಟುವ ಅಣು ಹೊಳೆದಡದ ಚೀಲದ ಚೂರಿಗೂ ಅಂಟುತ್ತದೆ. ಬಿಸಿಲು, ಗಾಳಿ, ಉಜ್ಜಾಟಗಳಿಂದ ಪ್ಲಾಸ್ಟಿಕ್ ಒಡೆದು 5 ಮಿಲಿಮೀಟರಿಗಿಂತ ಚಿಕ್ಕದಾದಾಗ ಅದನ್ನು ಮೈಕ್ರೊಪ್ಲಾಸ್ಟಿಕ್ ಎನ್ನುತ್ತಾರೆ. 2018ರಲ್ಲಿ ಚೀನಾದ ಸಂಶೋಧಕರು ಪಾಲಿಎಥಿಲೀನ್, ಪಾಲಿಪ್ರೊಪಿಲೀನ್, ಪಾಲಿಸ್ಟೈರೀನ್, ಪಿವಿಸಿ ಮತ್ತು ನೈಲಾನ್ ಜಾತಿಯ ಪಾಲಿಅಮೈಡ್ ಈ ಐದರ ಮೇಲೆ ಐದು ಪ್ರತಿಜೈವಿಕಗಳನ್ನು ಪರೀಕ್ಷಿಸಿ ಪ್ರಕಟಿಸಿದರು. ರಂಧ್ರಗಳೂ ಹೈಡ್ರೊಜನ್ ಬಂಧಕ್ಕೆ ಒದಗುವ ಕೊಂಡಿಗಳೂ ಇರುವ ಪಾಲಿಅಮೈಡ್ ಕೆಲವು ಔಷಧಗಳನ್ನು ಉಳಿದ ನಾಲ್ಕಕ್ಕಿಂತ ಬಹಳ ಹೆಚ್ಚಾಗಿ ಹಿಡಿಯಿತು. ಸಿಹಿನೀರಿಗೆ ಬದಲು ಕಡಲ ನೀರನ್ನು ಬಳಸಿದಾಗ ಅಂಟುವಿಕೆ ತಗ್ಗಿತು. ಕಡಲಿಗಿಂತ ಹೊಳೆ ಕೆರೆಗಳಲ್ಲಿ ಈ ಸಂಬಂಧ ಬಿಗಿಯಾಗಿರುತ್ತದೆ ಎಂಬುದು ಇದರ ಸೂಚನೆ.

ಹೊಸ ಪ್ಲಾಸ್ಟಿಕ್ಕಿಗಿಂತ ಬಿಸಿಲಿನಲ್ಲಿ ಬೆಂದ ಹಳೆಯ ಪ್ಲಾಸ್ಟಿಕ್ ಇನ್ನೂ ಹೆಚ್ಚು ಹಿಡಿಯುವುದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಬಿಸಿಲಿನಿಂದ ಮೈ ಬಿರಿದು ವಿಸ್ತಾರವಾಗುತ್ತದೆ, ಆಮ್ಲಜನಕದ ಗುಂಪುಗಳು ಸೇರುತ್ತವೆ. ಅದೇ ಬಿರುಕುಗಳಲ್ಲಿ ಬ್ಯಾಕ್ಟೀರಿಯಾಗಳು ಲೋಳೆಯ ಪದರವಾಗಿ ನೆಲೆಗೊಳ್ಳುತ್ತವೆ. ಔಷಧ, ಬ್ಯಾಕ್ಟೀರಿಯಾ, ಜೀನುಗಳ ಹಂಚಿಕೆಗೆ ಬೇಕಾದ ಒತ್ತೊತ್ತಾದ ವಾಸ ಮೂರೂ ಒಂದೇ ಚೂರಿನ ಮೇಲೆ ಕೂಡುತ್ತವೆ. ಆ ಚೂರು ತೇಲಿ ಮುಂದಿನ ಊರಿಗೆ ಹೋಗುತ್ತದೆ. ಒಂದು ಮಾತನ್ನು ಇಲ್ಲಿ ಸೇರಿಸುವುದು ನ್ಯಾಯ: ನದಿಯಲ್ಲಿ ಪ್ಲಾಸ್ಟಿಕ್ಕಿಗಿಂತ ಹೂಳು ಎಷ್ಟೋ ಪಾಲು ಹೆಚ್ಚು, ಹೀಗಾಗಿ ಒಟ್ಟು ಔಷಧದ ಹೆಚ್ಚಿನ ಭಾಗವನ್ನು ಹಿಡಿಯುವುದು ಹೂಳೇ. ಹೂಳು ತಳದಲ್ಲಿ ನಿಲ್ಲುತ್ತದೆ, ಪ್ಲಾಸ್ಟಿಕ್ ತೇಲಿ ದೂರ ಹೋಗುತ್ತದೆ, ಮೀನಿನ ಹೊಟ್ಟೆಗೂ ಹೋಗುತ್ತದೆ. ಆತಂಕಕ್ಕೆ ಕಾರಣ ಇದು.

ಅಂಟಿದ ಮೇಲೆ

ರಾಳ ನೀರಿನಿಂದ ಔಷಧವನ್ನು ತೆಗೆಯಿತು. ರಾಳವನ್ನು ತೊಳೆದ ದ್ರವದಲ್ಲಿ ಔಷಧ ಮೊದಲಿಗಿಂತ ದಟ್ಟವಾಗಿ ಸೇರಿತು. ಆ ದ್ರವವನ್ನು ಚರಂಡಿಗೆ ಸುರಿದರೆ ಮಾಡಿದ್ದೆಲ್ಲ ವ್ಯರ್ಥ. ಅದನ್ನು ಸುಡಬೇಕು, ಅಥವಾ ಓಜೋನ್ ಮೊದಲಾದವುಗಳಿಂದ ಅಣುವನ್ನು ಒಡೆಯಬೇಕು, ಅಥವಾ ಔಷಧವನ್ನು ಮರಳಿ ಪಡೆಯಬೇಕು. ಸಾವಿರಾರು ಲೀಟರಿನಲ್ಲಿ ಹರಡಿದ್ದನ್ನು ಕೆಲವೇ ಲೀಟರಿಗೆ ತಂದು ನಾಶಮಾಡಲು ಅನುಕೂಲ ಒದಗಿಸುವುದಷ್ಟೇ ಅಧಿಶೋಷಣೆಯ ಪಾಲಿನ ಕೆಲಸ.

ಸ್ಥಳ ಬದಲಿಸುವುದನ್ನೇ ಪರಿಹಾರವೆಂದುಕೊಳ್ಳುವ ಭ್ರಮೆ ದೊಡ್ಡ ಪ್ರಮಾಣದಲ್ಲಿಯೂ ಕಾಣುತ್ತದೆ. ಪಟಾನ್‌ಚೆರುವಿನ ಹಳ್ಳಗಳು ಕೆಟ್ಟವೆಂಬ ಕೂಗೆದ್ದ ಬಳಿಕ ಅಲ್ಲಿನ ಘಟಕದ ನೀರನ್ನು ಕೊಳವೆಯ ಮೂಲಕ ಹೈದರಾಬಾದಿನ ಅಂಬರ್‌ಪೇಟೆಯ ಚರಂಡಿನೀರು ಸಂಸ್ಕರಣಾ ಘಟಕಕ್ಕೆ ಒಯ್ಯಲಾಯಿತು. ಅಲ್ಲಿಂದ ನೀರು ಮೂಸಿ ನದಿಗೆ, ಮೂಸಿ ವಾಡಪಲ್ಲಿಯಲ್ಲಿ ಕೃಷ್ಣೆಗೆ. ಗೋದಾವರಿಯ ಪಾಲಿಗೆ ಇದ್ದದ್ದು ಕೃಷ್ಣೆಯ ಪಾಲಿಗೆ ಬಂತು.

ಹೀಗಾಗಿ ಮೂಲದಲ್ಲಿಯೇ ತಡೆಯುವುದು ಮೊದಲ ಮಾತು. ಒಂದು ಕಾರ್ಖಾನೆಯ ಒಂದು ಕೊಳವೆಯಲ್ಲಿ ಬರುವ ದಟ್ಟವಾದ ನೀರಿಗೆ ರಾಳದ ಕಂಬವನ್ನು ಹಾಕುವುದು ಸಾಧ್ಯ. ಇಡೀ ಕೃಷ್ಣೆಗೆ ಹಾಕುವುದು ಅಸಾಧ್ಯ. ಕೇಂದ್ರ ಪರಿಸರ ಸಚಿವಾಲಯ 2020ರ ಜನವರಿಯಲ್ಲಿ ಪ್ರಕಟಿಸಿದ ಕರಡು ನಿಯಮದಲ್ಲಿ ಔಷಧ ಕಾರ್ಖಾನೆಗಳ ತ್ಯಾಜ್ಯನೀರಿನಲ್ಲಿ ಇರಬಹುದಾದ ಪ್ರತಿಜೈವಿಕಗಳಿಗೆ ಮಿತಿಗಳನ್ನು ಸೂಚಿಸಿತ್ತು. 2021ರ ಅಂತಿಮ ನಿಯಮದಲ್ಲಿ ಆ ಮಿತಿಗಳು ಉಳಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರ ಸೆಪ್ಟೆಂಬರಿನಲ್ಲಿ ಪ್ರತಿಜೈವಿಕ ತಯಾರಿಕೆಯ ತ್ಯಾಜ್ಯದ ಬಗೆಗೆ ಮಾರ್ಗದರ್ಶಿಯನ್ನು ಪ್ರಕಟಿಸಿದೆ. ಅದನ್ನು ನಿಯಮವಾಗಿಸುವುದು ಆಯಾ ಸರ್ಕಾರಗಳ ಹೊಣೆ. ವೈದ್ಯರು ಹೇಳದೆ ಪ್ರತಿಜೈವಿಕವನ್ನು ನುಂಗದಿರುವುದು, ಉಳಿದ ಮಾತ್ರೆಗಳನ್ನು ಬಚ್ಚಲಿಗೆ ಸುರಿಯದಿರುವುದು, ಪ್ಲಾಸ್ಟಿಕ್ಕನ್ನು ಹೊಳೆಗೆ ಎಸೆಯದಿರುವುದು ಮನೆಮನೆಯ ಹೊಣೆ.

ನಾರಾಯಣಪೇಟೆಯ ಹಂಡೆಯ ಪಕ್ಕದಲ್ಲಿ ಕೇಳಿದ ಮೂರು ಪ್ರಶ್ನೆಗಳಿಗೆ ಈಗ ಉತ್ತರವಿದೆ. ನೀರಿಗಿಂತ ನೂಲಿನೊಡನೆ ಹೆಚ್ಚು ಒಗ್ಗುವುದರಿಂದ ಬಣ್ಣ ನೀರನ್ನು ಬಿಡುತ್ತದೆ. ನೂಲಿನ ಸ್ವಭಾವ ಬೇರೆಯಾದರೆ ಒಗ್ಗುವ ಬಣ್ಣವೂ ಬೇರೆ. ಹಿಡಿತ ಸಡಿಲವಾಗಿದ್ದು ನೀರಿನ ಸ್ವಭಾವ ಬದಲಾದರೆ ಅಂಟಿದ್ದು ಬಿಡುತ್ತದೆ. ಬಣ್ಣಗಾರರು ಲಡಿಗೆ ಬಣ್ಣ ಹಿಡಿಯಿತೆಂದ ಮಾತ್ರಕ್ಕೆ ಕೆಲಸ ಮುಗಿಯಿತೆನ್ನುವುದಿಲ್ಲ. ತೊಳೆದು, ಒಣಗಿಸಿ, ಮತ್ತೆ ತೊಳೆದು ನೋಡುತ್ತಾರೆ. ನೀರಿನಿಂದ ಔಷಧವನ್ನು ತೆಗೆದೆವೆಂದು ಯಾರಾದರೂ ಹೇಳಿದಾಗಲೂ ಕೇಳಬೇಕಾದ ಪ್ರಶ್ನೆ ಅದೇ: ತೆಗೆದದ್ದು ಈಗ ಎಲ್ಲಿದೆ?